ಡೆಕ್ಕಿನಲ್ಲಿ ಸಿಕ್ಕಿದ್ದ ದನಿ

ಜಯಪಾಲನ ಕೆಲಸ ಸ್ಟೀರಿಂಗನ್ನು ಬಲದಿಂದ ಎಡಕ್ಕೆ ದಾಟಿಸುವುದು. ಜಪಾನಿನಿಂದ ಹಡಗಿನಲ್ಲಿ ಬರುವ ಹಳೆಯ ಕಾರು, ವ್ಯಾನುಗಳಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಅವನ್ನು ಕೊಳ್ಳಲು ದುಬೈಗೆ ಬರುವ ಕಾಂಗೋ, ಇಥಿಯೋಪಿಯಾದ ವ್ಯಾಪಾರಿಗಳಿಗೆ ಎಡಗಡೆ ಬೇಕು. ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಅವನು ಇಪ್ಪತ್ತೈದು ವರ್ಷಗಳಿಂದ ಡ್ಯಾಶ್‌ಬೋರ್ಡು ಬಿಚ್ಚಿ, ತಂತಿಗಳನ್ನು ಹೊಸ ದಾರಿಯಲ್ಲಿ ಎಳೆದು, ಪೆಡಲುಗಳನ್ನು ಆಚೆಯಿಂದ ಈಚೆಗೆ ತಂದು ಕೂರಿಸುತ್ತಿದ್ದಾನೆ. ಕಿನ್ನಿಗೋಳಿಯಿಂದ ಬಂದಾಗ ಅವನಿಗೆ ಇಪ್ಪತ್ತಮೂರು. ಈಗ ಕನ್ನಡಕವಿಲ್ಲದೆ ಫ್ಯೂಸಿನ ನಂಬರು ಕಾಣುವುದಿಲ್ಲ.

ಆ ವಾಹನಗಳು ಖಾಲಿ ಬರುತ್ತಿರಲಿಲ್ಲ. ಸೀಟಿನಡಿ ಮಗುವಿನ ಕಾಲುಚೀಲ, ಬಾಗಿಲ ಜೇಬಿನಲ್ಲಿ ಮಡಚುವ ಕೊಡೆ, ಕನ್ನಡಿಗೆ ಕಟ್ಟಿದ ಯಾವುದೋ ದೇವಸ್ಥಾನದ ರಕ್ಷೆ. ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನೊಳಗಿಂದ ಒಬ್ಬಳು ಹೆಂಗಸು, ಟೋಲಿನ ಕಾರ್ಡು ಹಾಕಿಲ್ಲವೆಂದು ಜಪಾನಿಯಲ್ಲಿ ವಿನಯವಾಗಿ ತಿಳಿಸುತ್ತಿದ್ದಳು. ತಾನು ಮರುಭೂಮಿಗೆ ಬಂದಿರುವುದು ಅವಳಿಗೆ ಗೊತ್ತಿರಲಿಲ್ಲ. ಮತ್ತೆ ಕ್ಯಾಸೆಟ್ಟುಗಳು. ಗ್ಯಾರೇಜಿನ ಮಾಲೀಕನಿಗೆ ಅವೆಲ್ಲ ಕಸ. ಜಯಪಾಲ ಎಸೆಯುವ ಮೊದಲು ಒಂದೊಂದನ್ನೂ ಹಾಕಿ ಕೇಳಿದ. ಹೆಚ್ಚಿನವು ಸಪ್ಪೆ ಪ್ರೇಮಗೀತೆಗಳು. ಒಂದರಲ್ಲಿ ಮಾತ್ರ ಗಿಟಾರು ಗರಗಸದ ಹಾಗೆ ಕೊಯ್ದುಕೊಂಡು ಬಂತು, ಹಿಂದೆಯೇ ಡ್ರಮ್ಮು ಬಿತ್ತು. ಅವನ ಕೈಯ ಸ್ಪ್ಯಾನರ್ ನಿಂತುಹೋಯಿತು. ಅಂಥದ್ದನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಜಪಾನಿನ ರಾಕ್ ಸಂಗೀತ ಅವನ ಬದುಕಿನೊಳಗೆ ಮನೆ ಮಾಡಿತು. ಮಂಚದ ಕೆಳಗೆ ಚಪ್ಪಲಿ ಡಬ್ಬಿಗಳ ತುಂಬ ಕ್ಯಾಸೆಟ್ಟುಗಳು. ಅಕ್ಷರ ಕಲಿತದ್ದು ಎಂಜಿನ್ ಆಯಿಲ್ ಬದಲಾಯಿಸಿದ ದಿನಾಂಕದ ಚೀಟಿಗಳಿಂದ, ಫ್ಯೂಸ್ ಡಬ್ಬಿಯ ಮುಚ್ಚಳಗಳಿಂದ. ಆಮೇಲೆ ನಿಘಂಟು ಕೊಂಡ. ಮಲಗುವ ಕೋಣೆಯನ್ನು ಹಂಚಿಕೊಂಡಿದ್ದ ಶಾಹುಲ್ ಹಮೀದ್‌ಗೆ ಇದೊಂದು ತೀರದ ತಮಾಷೆ. ಅವನು ಉಪ್ಪಿನಂಗಡಿಯ ಬ್ಯಾರಿ, ಅದೇ ಗ್ಯಾರೇಜಿನಲ್ಲಿ ಸೀಟು ಹೊಲಿಯುವವನು.

“ಅರ್ಥ ಆಗದ್ದನ್ನು ಕೇಳಿ ಎಂತ ಮಾಡ್ತಿ ಮಾರಾಯ?”

“ಆಗುದಿಲ್ಲ ಅಂತ ಯಾರು ಹೇಳಿದ್ದು? ಈ ಹಾಡಿನವನಿಗೆ ಮಳೆಯಲ್ಲಿ ರೈಲು ತಪ್ಪಿದೆ.”

“ನಿಂಗೆ ತಲೆ ತಪ್ಪಿದೆ,” ಎಂದು ಶಾಹುಲ್ ಮಗ್ಗುಲು ಬದಲಿಸುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಒಂದು ಬಿಳಿ ವ್ಯಾನು ಬಂತು. ಒಳಗೆಲ್ಲ ಹರಿದ ಸ್ಟಿಕ್ಕರುಗಳ ಗುರುತು, ನೆಲದ ಮೇಲೆ ಭಾರದ ಪೆಟ್ಟಿಗೆಗಳನ್ನು ಎಳೆದ ಗೀರು. ಕ್ಯಾಸೆಟ್ ಡೆಕ್ಕಿನೊಳಗೆ ಏನೋ ಸಿಕ್ಕಿಕೊಂಡಿತ್ತು, ಗುಂಡಿ ಒತ್ತಿದರೆ ಹೊರಗೆ ಬರಲಿಲ್ಲ. ಜಯಪಾಲ ಡೆಕ್ಕನ್ನೇ ಕಳಚಿ ರೂಮಿಗೆ ತಂದು ಎರಡು ಶುಕ್ರವಾರ ಕೂತು ರಿಪೇರಿ ಮಾಡಿದ. ಒಳಗಿದ್ದ ಕ್ಯಾಸೆಟ್ಟಿನ ಮೇಲೆ ಕೈಬರಹದಲ್ಲಿ ಎರಡೇ ಮಾತು: ‘ಅಭ್ಯಾಸ, ತೊಂಬತ್ತೇಳರ ಆಗಸ್ಟ್’.

ಅದರಲ್ಲಿ ಏಳು ಹಾಡುಗಳಿದ್ದವು. ಹಾಡುತ್ತಿದ್ದವಳು ಒಬ್ಬಳು ಹುಡುಗಿ. ಅವಳ ದನಿ ಮೊದಲ ಸಾಲಿನಲ್ಲಿ ನಿದ್ದೆಯಿಂದ ಎದ್ದಂತೆ ಬರುತ್ತಿತ್ತು, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಗಿಟಾರನ್ನು ಹಿಂದೆ ಹಾಕಿ ಓಡುತ್ತಿತ್ತು. ಪ್ರತಿ ಹಾಡು ಮುಗಿದಾಗಲೂ ಅವಳು ನಕ್ಕು “ಮೋ ಇಕ್ಕೈ” ಎನ್ನುತ್ತಿದ್ದಳು. ಇನ್ನೊಂದು ಸಲ. ಜಯಪಾಲ ಅವಳು ಹೇಳಿದಂತೆಯೇ ಮಾಡಿದ, ಇನ್ನೊಂದು ಸಲ, ಮತ್ತೊಂದು ಸಲ. ಆ ಡೆಕ್ಕನ್ನು ತನ್ನ ಹಳೆಯ ಪಿಕಪ್ಪಿಗೆ ಜೋಡಿಸಿಕೊಂಡ. ಬೇರೆ ಯಂತ್ರದಲ್ಲಿ ಹಾಕಿದರೆ ಆ ಟೇಪು ನಡುಗುತ್ತಿತ್ತು, ಇದರಲ್ಲಿ ಮಾತ್ರ ನೇರವಾಗಿ ನಡೆಯುತ್ತಿತ್ತು.

ಹಾಡಿದವಳು ಯಾರೆಂದು ಹನ್ನೆರಡು ವರ್ಷ ತಿಳಿಯಲಿಲ್ಲ. ಒಂದು ದಿನ ಯೂಟ್ಯೂಬಿನಲ್ಲಿ ‘ಶಿಯೋಕಾಜೆ’ ಎಂಬ ತಂಡದ ಹಾಡೊಂದು ಶುರುವಾಯಿತು. ಅದೇ ಗಿಟಾರು, ಅದೇ ರಾಗ, ಹಾಡುವವಳು ಮಾತ್ರ ಬೇರೆ. ಶಿಯೋಕಾಜೆ ಎಂದರೆ ಉಪ್ಪುಗಾಳಿ. ಕರಾವಳಿಯಲ್ಲಿ ಬೆಳೆದವನಿಗೆ ಅದನ್ನು ನಿಘಂಟಿನಲ್ಲಿ ಹುಡುಕಿದ ಮೇಲೆ ವಿವರಿಸಬೇಕಾದ್ದೇನೂ ಉಳಿಯಲಿಲ್ಲ. ತಂಡಕ್ಕೆ ತನಗೆ ಬಂದಷ್ಟು ಜಪಾನಿಯಲ್ಲಿ ಮೂರು ಈಮೇಲ್ ಬರೆದ. ಉತ್ತರ ಬರಲಿಲ್ಲ. ಬೇಸರಿಸಿಕೊಳ್ಳದೆ ಅವರ ಎಲ್ಲ ಹಾಡುಗಳನ್ನೂ ಬಾಯಿಪಾಠ ಮಾಡಿದ. ಈ ಮರಳುನಾಡಿನಲ್ಲಿ ಅವನ್ನು ಬಲ್ಲವನು ತಾನೊಬ್ಬನೇ ಎಂದು ಅವನು ಖಚಿತವಾಗಿ ನಂಬಿದ್ದ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಕಳೆದ ಜನವರಿಯಲ್ಲಿ ಮರಿಯಂ ಬಂದಳು. ಅಲ್ ಐನ್‌ನಲ್ಲಿ ಓದುವ, ಆ ನಾಡಿನವಳೇ ಆದ ಎಮಿರಾತಿ ಹುಡುಗಿ. ಅವಳ ಕಾರಿನ ಪಕ್ಕದ ಕನ್ನಡಿ ಒಡೆದಿತ್ತು, ಹಳೆಯದೊಂದು ಸಿಗಬಹುದೇ ಎಂದು ಅಣ್ಣನ ಜೊತೆ ಗ್ಯಾರೇಜಿಗೆ ಬಂದಿದ್ದಳು. ಅವಳ ಮೊಬೈಲಿನ ಬೆನ್ನಿಗೆ ಅಂಟಿಸಿದ್ದ ಚಿತ್ರವನ್ನು ಜಯಪಾಲ ನೋಡಿದ, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದ.

“ಶಿಯೋಕಾಜೆ,” ಎಂದ.

ಹುಡುಗಿ ತಲೆಯೆತ್ತಿದಳು. ಗ್ರೀಸು ಮೆತ್ತಿದ ನೀಲಿ ಅಂಗಿಯ ಈ ಮನುಷ್ಯನ ಬಾಯಲ್ಲಿ ಆ ಹೆಸರು ಹೇಗೆ ಬಂತೆಂದು ಅವಳಿಗೆ ತಿಳಿಯಲಿಲ್ಲ. “ನಿಮಗೆ ಅವರು ಗೊತ್ತೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಜಯಪಾಲ ಅವಳನ್ನೂ ಅಣ್ಣನನ್ನೂ ಪಿಕಪ್ಪಿನ ಬಳಿಗೆ ಕರೆದುಕೊಂಡು ಹೋಗಿ ಕ್ಯಾಸೆಟ್ ಹಾಕಿದ. ಮೊದಲ ಹಾಡು ಅರ್ಧ ಮುಗಿಯುವ ಮೊದಲೇ ಮರಿಯಂ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಇದು ಸಾಯೊಕೋ ಇರಬೇಕು,” ಎಂದಳು. “ಅವರ ಮೊದಲ ಗಾಯಕಿ. ಹಾಡುಗಳನ್ನು ಬರೆದವಳು ಅವಳೇ. ಮೊದಲ ಆಲ್ಬಮ್ಮಿಗೂ ಮುಂಚೆ ಕಾಯಿಲೆಯಿಂದ ತೀರಿಕೊಂಡಳು. ಅವಳ ದನಿ ಎಲ್ಲೂ ಇಲ್ಲ ಅಂಕಲ್. ಎಲ್ಲೂ ಇಲ್ಲ ಎಂದು ತಂಡದವರೇ ಹೇಳಿದ್ದಾರೆ.”

ಇಪ್ಪತ್ತು ವರ್ಷ ತನ್ನ ಜೊತೆ ಟ್ರಾಫಿಕ್ಕಿನಲ್ಲಿ ಕೂತಿದ್ದ ಹುಡುಗಿ ಸತ್ತುಹೋಗಿದ್ದಾಳೆ ಎಂಬುದು ಜಯಪಾಲನಿಗೆ ಆಗಲೇ ಗೊತ್ತಾದದ್ದು. ಕ್ಯಾಸೆಟ್ಟಿನಲ್ಲಿ ಅವಳು ನಕ್ಕು ‘ಇನ್ನೊಂದು ಸಲ’ ಎಂದಳು. ಅವನು ಡೆಕ್ಕು ಆರಿಸಿದ.

ಏಪ್ರಿಲಿನಲ್ಲಿ ಅಬುಧಾಬಿಯಲ್ಲಿ ಜಪಾನಿನ ಪಾಪ್ ಸಂಸ್ಕೃತಿಯ ಮೇಳವಿತ್ತು. ಶಿಯೋಕಾಜೆ ಅಲ್ಲಿ ಹಾಡಲಿತ್ತು. ಮರಿಯಂ ಅನಿಮೆ ಕಾರ್ಟೂನುಗಳನ್ನು ನೋಡುತ್ತ ಜಪಾನಿ ಕಲಿತವಳು, ಮೇಳದಲ್ಲಿ ದುಭಾಷಿ. ತಂಡದ ಮ್ಯಾನೇಜರಿಗೆ ಅವಳೇ ಪತ್ರ ಬರೆದಳು. ಈ ಸಲ ಉತ್ತರ ಬಂತು, ಅನುಮಾನ ತುಂಬಿದ ಉತ್ತರ: ಶನಿವಾರ ಮಧ್ಯಾಹ್ನ ಮೂರಕ್ಕೆ, ಸಭಾಂಗಣದ ನೆಲಮಾಳಿಗೆಯ ಪಾರ್ಕಿಂಗ್, ಹತ್ತು ನಿಮಿಷ.

ಶಾಹುಲ್ ತಾನೂ ಬರುತ್ತೇನೆಂದ. “ನೀನು ಜಪಾನಿಯಲ್ಲಿ ಎಂತದಾದ್ರೂ ಹೇಳಿ ಪೊಲೀಸರು ಹಿಡಿದರೆ ಒಬ್ಬ ಬೇಕಲ್ಲ.”

ನಾಲ್ವರು ಬಂದರು. ಗಿಟಾರಿನ ಒಗಾತಾ, ಡ್ರಮ್ಮಿನ ಮುರಾಯ್, ಬೇಸ್ ಗಿಟಾರಿನವನು, ಗಾಯಕಿ ಚಿಹಾರು. ವೀಡಿಯೊಗಳಲ್ಲಿ ಆಕಾಶದೆತ್ತರ ಕಾಣುವ ಒಗಾತಾ ಜಯಪಾಲನ ಭುಜಕ್ಕಿಂತ ಸ್ವಲ್ಪವೇ ಎತ್ತರ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜಯಪಾಲ ವಾರವಿಡೀ ಅಭ್ಯಾಸ ಮಾಡಿದ್ದ ಸ್ವಾಗತದ ಮಾತನ್ನು ಮರೆತು ಸುಮ್ಮನೆ ಪಿಕಪ್ಪಿನ ಬಾಗಿಲು ತೆರೆದ.

ಒಗಾತಾ ಮುಂದಿನ ಸೀಟಿನಲ್ಲಿ ಕೂತ, ಉಳಿದ ಮೂವರು ಹಿಂದಿನ ಸೀಟಿನಲ್ಲಿ. ಮರಿಯಂ ಕಿಟಕಿಯ ಬಳಿ ನಿಂತಳು, ಶಾಹುಲ್ ಅವಳ ಹಿಂದೆ, ಮ್ಯಾನೇಜರ್ ಗಡಿಯಾರ ನೋಡುತ್ತ ದೂರದಲ್ಲಿ. ಜಯಪಾಲ ಕ್ಯಾಸೆಟ್ಟಿಗೆ ಕೈ ಹಾಕುವ ಮೊದಲೇ ಮುರಾಯ್ ಹಿಂದಿನಿಂದ ಬಾಗಿ, ಡೆಕ್ಕಿನ ವಾಲ್ಯೂಮ್ ಗುಂಡಿಯ ಮೇಲಿದ್ದ ಸಿಗರೇಟಿನ ಸುಟ್ಟ ಗುರುತಿಗೆ ಬೆರಳು ಇಟ್ಟ. ಏನೋ ಹೇಳಿದ. ಮರಿಯಂ ಅನುವಾದಿಸಿದಳು: “ಇದು ನನ್ನ ಸಿಗರೇಟು ಎನ್ನುತ್ತಿದ್ದಾರೆ.”

ಜಯಪಾಲ ಗುಂಡಿ ಒತ್ತಿದ.

ಮೊದಲು ಟೇಪಿನ ಉಸಿರು. ಯಾರೋ ಕೆಮ್ಮಿದರು. ಡ್ರಮ್ಮಿನ ಕಡ್ಡಿಗಳು ನಾಲ್ಕು ಸಲ ಬಡಿದವು, ಗಿಟಾರು ಬಂತು, ಆಮೇಲೆ ಅವಳು. ಎ.ಸಿ.ಯ ಸದ್ದು ಜಾಸ್ತಿಯಾಯಿತೆಂದು ಜಯಪಾಲ ಅದನ್ನು ಆರಿಸಿದ. ಸೆಕೆ ಒಳಗೆ ಇಳಿಯಿತು. ಯಾರೂ ಕದಲಲಿಲ್ಲ. ಜಯಪಾಲ ಅವರನ್ನು ನೋಡಬಾರದೆಂದುಕೊಂಡರೂ ಕನ್ನಡಿಯಲ್ಲಿ ಕಂಡಿತು: ಐವತ್ತು ದಾಟಿದ ಗಂಡಸರು ತಮ್ಮ ಇಪ್ಪತ್ತೈದರ ಕೈಗಳು ನುಡಿಸುವುದನ್ನು ಕೇಳುತ್ತಿದ್ದರು. ಮುರಾಯ್‌ನ ಬೆರಳುಗಳು ಮೊಣಕಾಲಿನ ಮೇಲೆ ಒಂದೇ ಒಂದು ಪೆಟ್ಟೂ ತಪ್ಪದೆ ಬಡಿಯುತ್ತಿದ್ದವು. ತಾನು ಕಸದಿಂದ ಎತ್ತಿಟ್ಟದ್ದು ಏನು ಎಂಬುದು ಆಗ ಜಯಪಾಲನ ಮೈಗೆ ತಟ್ಟಿತು.

ಹಾಡು ಮುಗಿದು ಅವಳು ನಕ್ಕಳು. “ಮೋ ಇಕ್ಕೈ,” ಎಂದಳು ಕ್ಯಾಸೆಟ್ಟಿನಲ್ಲಿ.

“ಮೋ ಇಕ್ಕೈ,” ಎಂದ ಒಗಾತಾ, ಜಯಪಾಲನಿಗೆ. ಜಯಪಾಲ ಹಿಂದಕ್ಕೆ ಸುತ್ತಿದ.

ಎರಡನೆಯ ಸಲ ಮುಗಿದಾಗ ಮಾತಾಡಿದವಳು ಚಿಹಾರು. ಹತ್ತೊಂಬತ್ತು ವರ್ಷದಿಂದ ಆ ತಂಡದ ಗಾಯಕಿ. “ನನಗೆ ಒಗಾತಾ ಗುನುಗಿ ಹೇಳಿಕೊಟ್ಟ ಹಾಡುಗಳಿವು. ಇಷ್ಟು ಕಾಲ ಈಕೆಯ ಹಾಡುಗಳನ್ನು ಹಾಡಿದೆ. ಈಕೆಯನ್ನು ಕೇಳಿದ್ದು ಇವತ್ತು.” ಹಾಗೆಂದು ಅವಳು ಡೆಕ್ಕಿನ ಕಡೆಗೆ ತಲೆ ಬಾಗಿಸಿದಳು, ಹಿರಿಯರ ಎದುರು ಬಾಗಿಸುವಂತೆ.

ಆಮೇಲೆ ಒಗಾತಾ ಹೇಳಿದ. ಮರಿಯಂ ಒಂದೊಂದೇ ವಾಕ್ಯ ದಾಟಿಸಿದಳು. “ಕ್ಯಾಸೆಟ್ಟು ಅದರೊಳಗಿದೆ ಎಂದು ನನಗೆ ಗೊತ್ತಿತ್ತು. ಅವಳು ಹೋದ ಮೇಲೆ ತೆಗೆಯುವ ಧೈರ್ಯ ಬರಲಿಲ್ಲ, ಎಸೆಯುವ ಧೈರ್ಯವೂ ಬರಲಿಲ್ಲ. ಅದಕ್ಕೇ ವ್ಯಾನನ್ನು ಹಾಗೆಯೇ ಮಾರಿದೆ. ಎಲ್ಲರಿಗೂ ಕಳೆದುಹೋಯಿತು ಎಂದೆ.” ಹಿಂದಿದ್ದ ಮೂವರಿಗೂ ಅದು ಹೊಸ ವಿಷಯವಿರಬೇಕು. ಮುರಾಯ್ ಒಗಾತಾನ ಭುಜದ ಮೇಲೆ ಕೈಯಿಟ್ಟ.

“ವ್ಯಾನು ಎಲ್ಲಿದೆ?” ಎಂದು ಒಗಾತಾ ಕೇಳಿದ.

“ಕಾಂಗೋಗೆ ಹೋಯಿತು,” ಎಂದ ಜಯಪಾಲ. “ಸ್ಟೀರಿಂಗ್ ನಾನೇ ಬದಲಾಯಿಸಿದ್ದು. ಎಂಜಿನ್ ಗಟ್ಟಿ ಇತ್ತು. ಇನ್ನೂ ಓಡುತ್ತಿದ್ದರೂ ಓಡುತ್ತಿರಬಹುದು.”

ಹತ್ತು ನಿಮಿಷ ಎಂದೋ ಮುಗಿದಿತ್ತು. ಮ್ಯಾನೇಜರ್ ಈಗ ಗಡಿಯಾರ ನೋಡುತ್ತಿರಲಿಲ್ಲ. ಜಯಪಾಲ ಸ್ಕ್ರೂಡ್ರೈವರ್ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ತಂತಿಗಳನ್ನು ಕಳಚಿ, ಕ್ಯಾಸೆಟ್ಟು ಒಳಗಿದ್ದಂತೆಯೇ ಇಡೀ ಡೆಕ್ಕನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಒಗಾತಾನ ಕೈಗೆ ಕೊಟ್ಟ. ನಿಮಗೆ ಏನು ಬೇಕು ಎಂದು ಮ್ಯಾನೇಜರ್ ಕೇಳಿದಾಗ ಅವನು ಸ್ವಲ್ಪ ನಾಚಿದ.

“ಒಂದು ಮಾತು ಕೇಳಬೇಕಿತ್ತು. ಮೂರನೇ ಹಾಡು, ಎರಡನೇ ಚರಣ. ಬಂದರು ಎಂಬ ಪದದ ನಂತರ ಒಂದು ಪದ ಉಂಟು. ‘ಹೊರೊರಿರಾ’. ನಾಲ್ಕು ನಿಘಂಟು ನೋಡಿದೆ, ಸಿಗಲಿಲ್ಲ.”

ಮರಿಯಂ ಅನುವಾದಿಸಿದಳು. ಒಗಾತಾ ಒಂದು ಕ್ಷಣ ಯೋಚಿಸಿ, ಮೊದಲ ಬಾರಿಗೆ ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. “ಅದು ಪದವೇ ಅಲ್ಲ. ಅವಳು ಸಾಲು ಮರೆತಾಗ ಬಾಯಿಗೆ ಬಂದದ್ದನ್ನು ಹಾಡುತ್ತಿದ್ದಳು.”

ಜಯಪಾಲ ಇಪ್ಪತ್ತು ವರ್ಷ ಶೇಖ್ ಜಾಯೆದ್ ರಸ್ತೆಯ ಉದ್ದಕ್ಕೂ ಭಕ್ತಿಯಿಂದ ಹಾಡಿದ್ದು ಅದನ್ನೇ. ಹಿಂದೆ ನಿಂತಿದ್ದ ಶಾಹುಲ್ ಗಂಭೀರವಾಗಿ, “ನಾನು ಆವತ್ತೇ ಹೇಳಿದ್ದೆ, ಅರ್ಥ ಇಲ್ಲ ಅಂತ,” ಎಂದ.

ಸಂಜೆ ಏಳಕ್ಕೆ ಕಾರ್ಯಕ್ರಮ. ಇಬ್ಬರಿಗೂ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು. ಜಯಪಾಲ ತಿರುಗಿ ನೋಡಿದವನು ನೋಡುತ್ತಲೇ ನಿಂತ. ಸಭಾಂಗಣದ ತುಂಬ ಜನ. ಕಪ್ಪು ಅಬಾಯಾದ ಮೇಲೆ ತಂಡದ ನೀಲಿ ಟವೆಲನ್ನು ಕೊರಳಿಗೆ ಸುತ್ತಿದ ಹುಡುಗಿಯರು, ಉದ್ದನೆಯ ಬಿಳಿ ಕಂದೂರಾ ತೊಟ್ಟ ಯುವಕರು, ಬೆಳ್ಳಿ ಬಣ್ಣದ ಕೃತಕ ಕೂದಲು ಧರಿಸಿದ ಫಿಲಿಪಿನೋ ನರ್ಸುಗಳ ಒಂದು ಗುಂಪು, ಮಗಳನ್ನು ಹೆಗಲಿಗೇರಿಸಿದ ಮಲಯಾಳಿ ಅಪ್ಪ. ಇವರೆಲ್ಲ ಇಷ್ಟು ವರ್ಷ ಎಲ್ಲಿದ್ದರು? ತನ್ನ ಪಕ್ಕದ ಲೇನಿನಲ್ಲಿ, ಸಿಗ್ನಲ್ಲಿನಲ್ಲಿ, ಗಾಜು ಏರಿಸಿಕೊಂಡು ಇದನ್ನೇ ಕೇಳುತ್ತಿದ್ದರೇ?

ತಂಡ ವೇದಿಕೆಗೆ ಬಂತು. ಸಾಯೊಕೋಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದು ಅವರದ್ದು. ಆದರೆ ಚಿಹಾರು ಮೊದಲ ಸಾಲನ್ನು ಎಂದಿಗಿಂತ ಮೆಲ್ಲಗೆ, ಈಗಷ್ಟೇ ಕಣ್ಣು ಬಿಟ್ಟವಳಂತೆ ಶುರು ಮಾಡಿದಳು. ಅದು ಏಕೆಂದು ಆ ಸಭಾಂಗಣದಲ್ಲಿ ಗೊತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ.

ಪಲ್ಲವಿ ಬಂದಾಗ ಸಾವಿರಾರು ಕೈಗಳು ಒಟ್ಟಿಗೆ ಮೇಲೆದ್ದವು. ಎಡಕ್ಕೆ ಬಾಗಿದವು, ಬಲಕ್ಕೆ ಬಾಗಿದವು, ಎರಡು ಸಲ ತಟ್ಟಿದವು, ಗಾಳಿಗೆ ಸಿಕ್ಕ ಗದ್ದೆಯ ಹಾಗೆ. ಜಯಪಾಲ ಬೆರಗಾದ. ಪ್ರತಿ ಸಾಲನ್ನೂ ಬಲ್ಲ ಅವನಿಗೆ ಹಾಡಿಗೆ ಹೀಗೊಂದು ಕೈಚಲನೆಯಿದೆ ಎಂಬುದೇ ಗೊತ್ತಿರಲಿಲ್ಲ. ಕಾರಿನಲ್ಲಿ ಒಬ್ಬನೇ ಕೂತು ಕೇಳಿದವನಿಗೆ ಅದು ಹೇಗೆ ತಿಳಿಯಬೇಕು? ಅವನ ಎರಡು ಕೈಗಳೂ ಎದುರಿನ ತಡೆಗಂಬಿಯ ಮೇಲೇ ಉಳಿದವು.

ಪಕ್ಕದಲ್ಲಿ ಅವನಿಗೆ ಪರಿಚಯವಿಲ್ಲದ, ಹದಿನಾರು ಹದಿನೇಳರ ಎಮಿರಾತಿ ಹುಡುಗಿಯೊಬ್ಬಳು ಅದನ್ನು ಗಮನಿಸಿದಳು. “ಯಲ್ಲಾ, ಬನ್ನಿ ಅಂಕಲ್,” ಎಂದು ತನ್ನ ಕೈಯನ್ನು ನಿಧಾನವಾಗಿ ತೋರಿಸಿದಳು. ಎಡ. ಬಲ. ತಟ್ಟು, ತಟ್ಟು. ಜಯಪಾಲ ಮೊದಲ ಸಲ ತಪ್ಪಿದ, ಎರಡನೆಯ ಸಲವೂ ತಪ್ಪಿದ. ಮೂರನೆಯ ಸಲ ಸರಿಯಾಯಿತು. ಪಕ್ಕಕ್ಕೆ ನೋಡಿದರೆ ಶಾಹುಲ್ ಹಮೀದ್ ಅವನಿಗಿಂತ ಮೊದಲೇ ಕಲಿತುಬಿಟ್ಟಿದ್ದ.