ಮೊಳೆಗೆ ತೂಗಿದ ಕರಡಿಗೆ

ಭದ್ರಾವತಿಯ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತರೆ ಉಜ್ಜನಪ್ಪನದು ಕೂದಲೆಳೆಯ ಲೆಕ್ಕ. ಅದೇ ಪುಣ್ಯಾತ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೂತು ತನ್ನ ಕುಡಿತದ ಅಳತೆ ಕೊಡುವಾಗ ಮಾತ್ರ ಮನಸ್ಸಿಗೆ ಬಂದಷ್ಟು ಕತ್ತರಿಸಿಬಿಟ್ಟ.

"ವಾರಕ್ಕೆ ಎರಡು ದಿನ. ಹೆಚ್ಚಂದ್ರೆ ಮೂರು."

ಕೌನ್ಸೆಲರ್ ಚೈತನ್ಯಾಳ ಮುಂದೆ ಹತ್ತು ಪ್ರಶ್ನೆಗಳ ಕಾಗದವಿತ್ತು; ಕುಡಿತ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. "ನಿಜ ಹೇಳಿ ಸರ್. ಅಂಕ ಕಡಿಮೆ ಬಂದ್ರೆ ಮನೆಗೇ ಕಳಿಸ್ತೀವಿ. ತುಂಬಾ ಕುಡಿಯೋರು ಮನೇಲಿ ಒಮ್ಮೆಲೇ ಬಿಟ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ." ಆಮೇಲೆ ಅವನ ಹೆಂಡತಿ ವೀರಮ್ಮನ ಕಡೆ ತಿರುಗಿದಳು. "ನೀವು ಹೇಳಿ ಅಮ್ಮ, ಮೂರೇ ದಿನಾನಾ?"

ಎಲ್ಲ ಹೇಳಿಬಿಡಬೇಕೆಂದು ವೀರಮ್ಮ ಬಸ್ಸಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಹನ್ನೆರಡು ವರ್ಷ ಅಕ್ಕಪಕ್ಕದವರ ಮುಂದೆ ಗಂಡನ ಮರ್ಯಾದೆ ಕಾದ ಬಾಯಿ ಅದು. "ಹೂಂ ಮೇಡಂ, ಮೂರೇ," ಅಂದುಬಿಟ್ಟಿತು.

ಉಳಿದ ಪ್ರಶ್ನೆಗಳೂ ಹೀಗೇ ಮುಗಿದವು. ನಲವತ್ತಕ್ಕೆ ಒಟ್ಟು ಒಂಬತ್ತು ಅಂಕ. ಅಂಕ ಬರೆಯಲು ಚೈತನ್ಯಾ ಅವರ ಆಸ್ಪತ್ರೆ ಚೀಟಿ ಕೇಳಿದಳು. ಇನ್ನು ಮನೆಗೆ ಕಳಿಸಿಬಿಡುತ್ತಾರೆ ಎಂದು ವೀರಮ್ಮನಿಗೆ ಗೊತ್ತಾಯಿತು. ಚೀಟಿಗೆಂದು ಬ್ಯಾಗಿಗೆ ಕೈ ಹಾಕಿದವಳು ಚೀಟಿ ಬಿಟ್ಟು ಬೆಳ್ಳಿಯ ಕರಡಿಗೆ ತೆಗೆದು ಮೇಜಿನ ಮೇಲಿಟ್ಟಳು.

ಅದರೊಳಗಿದ್ದದ್ದು ಉಜ್ಜನಪ್ಪನ ಇಷ್ಟಲಿಂಗ. ಕುಡಿಯಲು ಹೋಗುವ ಮುನ್ನ ಕೊರಳಿನಿಂದ ತೆಗೆದು ದೇವರಕೋಣೆಯ ಮೊಳೆಗೆ ತೂಗುಹಾಕುತ್ತಿದ್ದ, ಬೆಳಿಗ್ಗೆ ಸ್ನಾನ ಮಾಡಿ ಕಟ್ಟಿಕೊಳ್ಳುತ್ತಿದ್ದ. ಗಂಡನ ಕುಡಿತದ ಲೆಕ್ಕಕ್ಕೆ ವೀರಮ್ಮನಿಗೆ ಆ ಮೊಳೆಯೊಂದೇ ಸಾಕಿತ್ತು. ಹೋದ ಶಿವರಾತ್ರಿಯಿಂದ ಅವನು ಕರಡಿಗೆಯನ್ನು ಮುಟ್ಟಿರಲೇ ಇಲ್ಲ.

"ಇದನ್ಯಾಕೆ ತಂದೆ ಮಾರಾಯ್ತಿ?" ಅಂದ ಉಜ್ಜನಪ್ಪ.

"ನಿಮ್ಮನ್ನ ಅಡ್ಮಿಟ್ ಮಾಡ್ಕೊಂಡ್ರೆ ಬೇಕಾಗುತ್ತೇನೋ ಅಂತ." ಅಷ್ಟಕ್ಕೇ ಅವಳಿಗೆ ಅಳು ಬಂತು. "ಮನೇಲಿ ನಿಮಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ ರೀ?"

ಅವನು ಕರಡಿಗೆಯಿಂದ ಕಣ್ಣು ತೆಗೆದು ಚೈತನ್ಯಾಳ ಕಡೆ ತಿರುಗಿದ. "ಮೇಡಂ, ಆ ಕಾಗದ ಹರಿದು ಹಾಕಿ, ಮೊದಲಿಂದ ಕೇಳಿ. ದಿನಾ ಕುಡೀತೀನಿ. ಬೆಳಿಗ್ಗೆ ಒಂದಿಷ್ಟು ಬೀಳದಿದ್ರೆ ಕೈ ನಡುಗುತ್ತೆ."

ಈ ಸಲ ಮೂವತ್ತೊಂದು ಬಂತು. ಅಷ್ಟು ದೊಡ್ಡ ಅಂಕಿ ಕಂಡು ಯಾವ ಹೆಂಡತಿಗಾದರೂ ಸಮಾಧಾನವಾದೀತೆ? ವೀರಮ್ಮನಿಗೆ ಆಯಿತು.

ವಾರ್ಡಿಗೆ ಹೋಗುವಾಗ ಅವಳು ಕರಡಿಗೆಯನ್ನು ಅವನತ್ತ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಡಿಸ್ಚಾರ್ಜ್ ದಿನ ನೀನೇ ಕಟ್ಟು. ಅಲ್ಲೀವರೆಗೂ ನಿನ್ನ ಲಿಂಗದ ಜೊತೆ ಇದಕ್ಕೂ ಪೂಜೆ ಮಾಡು, ಇಷ್ಟು ದಿನ ಮಾಡಿದ ಹಾಗೇ."

ಅವನಿಗೆ ಅದು ಗೊತ್ತಿತ್ತೇ? ದಿನಾ ಬೆಳಿಗ್ಗೆ ಅವನಿಗೆ ಎಚ್ಚರವಿಲ್ಲ ಅಂದುಕೊಂಡೇ ಅವಳು ಆ ಪೂಜೆ ಮಾಡುತ್ತಿದ್ದಳು.