ನಲ್ಲಪ್ಪನ ಮಗಳು ಹಾಡಿದ ತತ್ವ

ರೋಗಿಗೆ ಮದ್ದು ಕೊಟ್ಟರೆ ಸಾಲದು, ಅವರ ದೇವರು ದಿಂಡರು, ಮನಸ್ಸಿನ ಸಮಾಧಾನ ಎಲ್ಲವನ್ನೂ ವಿಚಾರಿಸಿಕೊಳ್ಳಬೇಕು ಎಂದು ಟ್ಯೂಟರ್ ವೆಂಕಟರತ್ನಮ್ಮನವರು ಪಾಠ ಮಾಡಿದರು. ಚೀನಾ ಯುದ್ಧ ಮುಗಿದ ವರ್ಷ ಅದು. ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಕಲಿಯುತ್ತಿದ್ದ ಕೊಂಡಮ್ಮ ಆ ಪಾಠವನ್ನು ತಲೆಗೆ ಹಚ್ಚಿಕೊಂಡಳು. ವಿಚಾರಿಸುವುದೆಂದರೆ ಮೊದಲು ಕೇಳುವುದು ತಾನೇ? ಈ ಅತಿಬುದ್ಧಿವಂತೆ ಕೇಳಲಿಲ್ಲ, ಹಾಡಿದಳು.

ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದ ಓಬಳಮ್ಮ ದಿಬ್ಬೂರಹಳ್ಳಿ ಕಡೆಯ ಜಮೀನ್ದಾರರ ಮನೆಯ ಯಜಮಾನಿ. ಗಾಯ ಮಾಯುತ್ತಿತ್ತು, ನಿದ್ದೆ ಮಾತ್ರ ಇಲ್ಲ, ಒಂದೇ ನರಳಾಟ. ಕೊಂಡಮ್ಮ ಪಕ್ಕದಲ್ಲಿ ಕೂತು, ತನ್ನಪ್ಪ ನಲ್ಲಪ್ಪ ದಿನಾ ಸಂಜೆ ಹಾಡುತ್ತಿದ್ದ ತೆಲುಗು ತತ್ವಪದವನ್ನು ಮೆಲ್ಲಗೆ ಹಾಡಿದಳು. ಅವಳ ಕೇರಿಯ ಮಕ್ಕಳು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದರು. ಆದರೆ ಓಬಳಮ್ಮನಂಥವರ ಬಾಗಿಲಿಗೆ ನಲ್ಲಪ್ಪನ ತಂಬೂರಿ ಬರುತ್ತಿದ್ದದ್ದು ಹೆಣದ ಮುಂದೆ ಹಾಡುವುದಕ್ಕೆ ಮಾತ್ರ.

"ನೀನು ನಲ್ಲಪ್ಪನ ಮಗಳಲ್ವೇನಮ್ಮ?" ಎಂದಳು ಓಬಳಮ್ಮ. ಹುಡುಗಿಗೆ ಹಿಗ್ಗೋ ಹಿಗ್ಗು, ಹೌದೆಂದಳು. ಮುದುಕಿ ನರಳುವುದನ್ನು ನಿಲ್ಲಿಸಿ ಗೋಡೆ ಕಡೆ ತಿರುಗಿಕೊಂಡಳು. ಸಮಾಧಾನವಾಯಿತೆಂದೇ ಇವಳು ತಿಳಿದಳು.

ಮಾರನೆಯ ದಿನ ಮಗ ರಾಮಾಂಜಿನಪ್ಪ ಬಂದ. ಓಬಳಮ್ಮ ಅವನ ಕೈಹಿಡಿದು, ಡಾಕ್ಟರು ಕೈಬಿಟ್ಟಿದ್ದಾರೆ, ಇದನ್ನು ಹೊತ್ತುಕೊಂಡು ಸಾಯಲಾರೆ ಎಂದು ಶುರುಮಾಡಿದಳು. ಅವನ ತಂಗಿ ಕಾಲು ಜಾರಿ ಬಾವಿಗೆ ಬಿದ್ದದ್ದಲ್ಲವಂತೆ. ಬಾಯಿಗೆ ಬಂದಂತೆ ಬೈದು, ಹೋಗಿ ಸಾಯಿ ಎಂದವಳು ತಾನೇ ಅಂತೆ. ಅವನು ಕೈ ಬಿಡಿಸಿಕೊಂಡು ಎದ್ದು ಹೋದ.

ಪಕ್ಕದಲ್ಲೇ ಬ್ಯಾಂಡೇಜು ಸುರುಳಿ ಸುತ್ತುತ್ತ ಎಲ್ಲ ಕೇಳಿಸಿಕೊಂಡಿದ್ದ ಕೊಂಡಮ್ಮನಿಗೆ ಆಗ ಹೊಳೆಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. ಗೇಟಿನವರೆಗೆ ಓಡಿ, ತಪ್ಪೆಲ್ಲ ನನ್ನದು, ನಾನು ಹಾಡಿದ್ದಕ್ಕೆ ನಿಮ್ಮಮ್ಮ ಸಾವು ಬಂತೆಂದುಕೊಂಡರು, ಅವರಿಗೇನೂ ಆಗಿಲ್ಲ ಎಂದು ಅಂಗಲಾಚಿದಳು.

"ಸಾಯಲ್ವಾ?" ಎಂದ ಅವನು. "ಸತ್ತಿದ್ರೆ ಅತ್ತು ಮರೀತಿದ್ದೆ ಕಣಮ್ಮ."

ಶಿಡ್ಲಘಟ್ಟದ ಬಸ್ಸು ಹತ್ತಿ ಹೋಗಿಬಿಟ್ಟ. ಈ ಪಾಪಿಷ್ಠ ಬಾಯನ್ನು ಹೊಲಿದುಕೊಳ್ಳಬಾರದಿತ್ತೇ ಎಂದು ತನ್ನನ್ನೇ ಶಪಿಸಿಕೊಳ್ಳುತ್ತ ಕೊಂಡಮ್ಮ ವಾರ್ಡಿಗೆ ಬಂದಳು. ಮುದುಕಿಯ ಕಾಲು ಹಿಡಿದು ಎಲ್ಲವನ್ನೂ ಹೇಳಿದಳು.

"ನಿಮಗೆ ವಾಸಿಯಾಗ್ತಿದೆಯಮ್ಮ. ಮುಂದಿನ ವಾರ ಮನೆಗೆ ಹೋಗ್ತೀರಿ."

ಓಬಳಮ್ಮ ಅವಳನ್ನೇ ನೋಡಿದಳು. ಕೋಪವೇನೂ ಇರಲಿಲ್ಲ.

"ಯಾವ ಮನೆಗಮ್ಮ?" ಎಂದು ಕೇಳಿದಳು.