ಗುಂಡಿ ಅಜ್ಜಿ ಕೂತ ಜಾಗ

ಡಿಸೆಂಬರ್ ಒಂಬತ್ತು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸಿದ್ಧ ಉಡುಪಿನ ಕಾರ್ಖಾನೆಯ ಹೊಲಿಗೆ ಕೋಣೆಯಲ್ಲಿ ಎರಡೇ ದಿನದಲ್ಲಿ ಮೂರನೆಯವಳು ತಲೆಸುತ್ತಿ ಬಿದ್ದಳು. ಬಿದ್ದವಳು ಕಾಲರ್ ಹೊಲಿಯುವವಳ ಸ್ವಂತ ನಾದಿನಿ.

ನಾದಿನಿಯನ್ನು ಅಂಗಳಕ್ಕೆ ಹೊತ್ತು ತಂದರು. ಕಾಲರಿನವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲ ಬಳಿ ಕೂತು ಗುಂಡಿ ಹಚ್ಚುವ ಮುದುಕಿಯನ್ನು ರಟ್ಟೆ ಹಿಡಿದು ಹೊರಗೆಳೆದಳು.

"ಎಲ್ಲರೂ ಬೀಳ್ತಾರೆ, ಈ ಗುಂಡಿ ಅಜ್ಜಿಗೆ ಮಾತ್ರ ಒಂದು ಸೀನೂ ಬರಲ್ಲ! ಮಾಟಗಾತಿ! ಇವಳು ಕೆಲಸದಲ್ಲೂ ಇರಬಾರದು, ಊರಲ್ಲೂ ಇರಬಾರದು!"

"ಹೌದ್ಹೌದು, ಅವಳ ಕಣ್ಣೇ ಸರಿಯಿಲ್ಲ!" ಒಬ್ಬಳು ಅಜ್ಜಿಯ ಜಡೆಗೇ ಕೈಹಾಕಿದಳು.

"ಕಣ್ಣು ಸರಿಯಿದ್ದಿದ್ರೆ ಸೂಜಿ ಪೋಣಿಸೋಕೆ ನಿಮ್ಮನ್ನ ಯಾಕೆ ಕರೀತಿದ್ದೆ ತಾಯಿ?" ಎಂದಳು ಅಜ್ಜಿ.

ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ಬಂದಳು. ಮೊದಲಿಬ್ಬರ ತಲೆನೋವು, ವಾಂತಿ ಕಂಡು ಅನುಮಾನಗೊಂಡಿದ್ದವಳು ಅಗ್ನಿಶಾಮಕ ಠಾಣೆಯಿಂದ ವಿಷಾನಿಲ ಅಳೆಯುವ ಮೀಟರನ್ನೇ ಹಿಡಿದು ಬಂದಿದ್ದಳು. ನಾದಿನಿಗೆ ಆಮ್ಲಜನಕ ಹಚ್ಚಿಸಿ, ಒಳಗೆ ಹೋಗಿ ಮೀಟರ್ ಹಿಡಿದು ಅಳೆದು ಒಂದೇ ಉಸಿರಿಗೆ ಹೊರಬಂದಳು, ಗೋಡೆಯಾಚೆಗೂ ಇಣುಕಿ ನೋಡಿದಳು.

"ಜಡೆ ಬಿಡು! ಸಾಕ್ಷಿ ಏನಿದೆ?"

"ಅವಳಿಗೇನೂ ಆಗಿಲ್ಲವಲ್ಲ ಸಿಸ್ಟರ್, ಅದೇ ಸಾಕ್ಷಿ," ಎಂದಳು ಕಾಲರಿನವಳು.

"ಅವರು ಬಾಗಿಲ ಸಂದಿಯಲ್ಲಿ ಯಾಕೆ ಕೂತಿದ್ರು?"

"ಗಂಡ ಸತ್ತವಳು, ಪಕ್ಕದಲ್ಲಿ ಬೇಡ ಅಂತ..." ಕಾಲರಿನವಳು ತಡವರಿಸಿದಳು. "ನಾವೇ ಕೂರಿಸಿದ್ದು."

"ಆ ಸಂದಿಯ ಗಾಳಿಯೇ ಅವರನ್ನ ಉಳಿಸಿದೆ. ಅಲ್ಲಿ ಮೀಟರ್ ಇಪ್ಪತ್ತು ತೋರಿಸ್ತು. ನಿನ್ನ ನಾದಿನಿ ಜಾಗದಲ್ಲಿ ಇನ್ನೂರ ನಲವತ್ತು! ಗೋಡೆಯಾಚೆ ಜನರೇಟರಿನ ಹೊಗೆ ಕೊಳವೆ ಒಡೆದಿದೆ. ಆ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದೆ ಎಷ್ಟೋ ದೇಶಗಳಲ್ಲಿ ಮಗು ಸತ್ತರೆ, ಹಸು ಸತ್ತರೆ ಒಂಟಿ ಹೆಂಗಸನ್ನ ಹಿಡಿದು ಕೊಂದರು. ಮೊದಲು ಅಪರಾಧಿ, ಆಮೇಲೆ ಕಾರಣ. ಮಾಟಗಾತಿ ಬೇಟೆ ಅಂದ್ರೆ ಅದೇ ಅಕ್ಕ. ಈಗ ನೀವು ಮಾಡಿದ್ದೂ ಅದನ್ನೇ."

ಕಾಲರಿನವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಟ್ಟೆಗೆ ಧೂಳು ಕೂರುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆಸಿದ್ದ ಮಾಲೀಕ ಓಡಿಬಂದ. "ಕಾರ್ಖಾನೆ ಇನ್ಸ್‌ಪೆಕ್ಟರ್ ಸಾಹೇಬರಿಗೆ ದೂರು ಕೊಡ್ತೀರಾ? ಇದು ನನ್ನ ಮೇಲೆ ಮಾಟಗಾತಿ ಬೇಟೆ!"

ಕಾಲರಿನವಳು ತಿರುಗಿ ನಿಂತಳು.

"ಯಜಮಾನ್ರೇ, ಆ ಮಾತು ಸಲ್ಲೋದು ಅಜ್ಜಿಗೆ, ಕದೀಬೇಡಿ. ಸಾಕ್ಷಿ ಇಲ್ಲದೆ ಅವರ ಜಡೆ ಹಿಡಿದ್ವಲ್ಲ, ಅದು ಬೇಟೆ. ನಿಮ್ಮನ್ನ ಹಿಡಿದಿರೋದು ಮೀಟರು. ಅದಕ್ಕೆ ತನಿಖೆ ಅಂತಾರೆ."

ಕೊಳವೆ ಬದಲಾಯಿತು, ಕಿಟಕಿಯ ಮೊಳೆಗಳನ್ನು ಕಿತ್ತರು. ನಾದಿನಿ ಚೇತರಿಸಿಕೊಂಡಳು. ಕಾಲರಿನವಳು ತನ್ನ ಮೆಷಿನನ್ನು ಅಜ್ಜಿಯ ಪಕ್ಕಕ್ಕೆ ಎಳೆದುಕೊಂಡಳು. ಅಜ್ಜಿ ಅವಳ ಮುಖ ನೋಡಲಿಲ್ಲ. ಸೂಜಿಯನ್ನು ಮಾತ್ರ ಮುಂದೆ ಚಾಚಿದಳು. ಕಾಲರಿನವಳು ಪೋಣಿಸಿ ಕೊಟ್ಟಳು.

ನಿಮ್ಮ ಕೇರಿಯಲ್ಲೂ ಯಾರದೋ ಕಡೆಗೆ ಬೆರಳು ಎದ್ದೀತು. ಆಗ ಸುಮ್ಮನಿರಬೇಡಿ, ಸಾಕ್ಷಿ ಕೇಳಿ. ತಪ್ಪು ಮಾಡಿ ಸಿಕ್ಕಿಬಿದ್ದವರು "ಬೇಟೆ, ಬೇಟೆ" ಎಂದು ಕೂಗಿದರೆ, ಆಗಲೂ ಸಾಕ್ಷಿಯನ್ನೇ ನೋಡಿ. ಅಳೆಯಲು ಬರುವುದನ್ನು ಅಳೆಯಿರಿ.

ಡಿಸೆಂಬರ್ ಹನ್ನೆರಡರಂದು, ಜನರೇಟರ್ ಓಡುತ್ತಿರುವಾಗಲೇ, ನಾದಿನಿ ಕೂರುವ ಜಾಗದಲ್ಲಿ ಮೀಟರ್ ತೋರಿಸಿದ್ದು: ಎರಡು.